ಎಳೆಯ ಹಂದಿಮರಿಗಳಿಗೆ ಎಚ್‌ಪಿ 300: ಕಿಣ್ವ ಸಂಸ್ಕರಿತ ಸೋಯಾ ಹಿಂಡಿಯ ವಿಮರ್ಶೆ

ಡೆನ್ಮಾರ್ಕಿನ ಹ್ಯಾಮ್ಲೆಟ್ ಪ್ರೋಟೀನ್ ಕಂಪನಿಯ ಎಚ್‌ಪಿ 300 ಎಂಬುದು ಎಳೆಯ ಹಂದಿಮರಿಗಳ ಆಹಾರಕ್ಕಾಗಿ ಸೋಯಾ ಹಿಂಡಿಯನ್ನು ಕಿಣ್ವಗಳಿಂದ ಸಂಸ್ಕರಿಸಿ ತಯಾರಿಸಿದ ಪುಡಿ. ಸಾಮಾನ್ಯ ಸೋಯಾ ಹಿಂಡಿಯಲ್ಲಿ ಶೇ 44ರಿಂದ 48ರಷ್ಟು ಪ್ರೋಟೀನ್ ಇದ್ದರೆ ಇದರಲ್ಲಿ ಸುಮಾರು ಶೇ 56ರಷ್ಟಿದೆ. ಕೊಳ್ಳುವವರ ಕಣ್ಣು ಮೊದಲು ಬೀಳುವುದು ಈ ಅಂಕಿಯ ಮೇಲೆ. ಆದರೆ ನನ್ನ ದೃಷ್ಟಿಯಲ್ಲಿ ಈ ಪುಡಿಯ ಬೆಲೆಗೆ ನಿಜವಾದ ಸಮರ್ಥನೆ ಇರುವುದು ಹಿಂಡಿಯಿಂದ ತೆಗೆದುಹಾಕಿದ ಅಂಶಗಳಲ್ಲಿ.

ಮೂರು ನಾಲ್ಕು ವಾರದ ಮರಿಯನ್ನು ತಾಯಿಯಿಂದ ಬೇರ್ಪಡಿಸಿದಾಗ ಅದರ ಜಠರದಲ್ಲಿ ಆಮ್ಲ ಇನ್ನೂ ಸಾಕಷ್ಟು ಸ್ರವಿಸುತ್ತಿರುವುದಿಲ್ಲ. ಆಮ್ಲವಿಲ್ಲದೆ, ಪ್ರೋಟೀನನ್ನು ಒಡೆಯುವ ಪೆಪ್ಸಿನ್ ಎಂಬ ಕಿಣ್ವ ಚುರುಕಾಗುವುದಿಲ್ಲ. ಅದೇ ದಿನಗಳಲ್ಲಿ ಸಣ್ಣ ಕರುಳಿನ ಒಳಗೋಡೆಯಲ್ಲಿ ಪೋಷಕಾಂಶ ಹೀರುವ, ಬೆರಳಿನಂತಹ ಸಣ್ಣ ಚಾಚುಗಳಾದ ವಿಲ್ಲೈಗಳೂ ಕುಗ್ಗುತ್ತವೆ. ಇಂತಹ ಕರುಳಿಗೆ ಸಾಮಾನ್ಯ ಸೋಯಾ ಹಿಂಡಿಯನ್ನು ಹೆಚ್ಚು ಕೊಟ್ಟರೆ, ಅದರಲ್ಲಿ ಉಳಿದಿರುವ ಟ್ರಿಪ್ಸಿನ್ ಪ್ರತಿಬಂಧಕಗಳು ಮೇದೋಜೀರಕ ಗ್ರಂಥಿಯ ಕಿಣ್ವಗಳನ್ನು ತಡೆಯುತ್ತವೆ, ಗ್ಲೈಸಿನಿನ್ ಮತ್ತು ಬೀಟಾ-ಕಾಂಗ್ಲೈಸಿನಿನ್ ಎಂಬ ಪ್ರೋಟೀನ್‌ಗಳು ಕರುಳಿನಲ್ಲಿ ಅಲರ್ಜಿಯನ್ನು ಕೆರಳಿಸಬಲ್ಲವು, ಮತ್ತು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದ ಪ್ರೋಟೀನನ್ನು ಬ್ಯಾಕ್ಟೀರಿಯಾಗಳು ಕೊಳೆಯಿಸಿ ಅಮೋನಿಯಾ ಮತ್ತು ಅಮೈನ್‌ಗಳನ್ನು ಉಂಟುಮಾಡುತ್ತವೆ. ಮರಿ ಭೇದಿಯಿಂದ ಸೊರಗುತ್ತದೆ. ಹಿಂಡಿಯಲ್ಲಿರುವ ಸ್ಟಾಕಿಯೋಸ್ ಮತ್ತು ರಾಫಿನೋಸ್ ಸಕ್ಕರೆಗಳನ್ನು ಒಡೆಯುವ ಕಿಣ್ವವಂತೂ ಹಂದಿಯ ದೇಹದಲ್ಲಿ ಇಲ್ಲವೇ ಇಲ್ಲ.

ಎಚ್‌ಪಿ 300ರಲ್ಲಿ ಈ ಸಕ್ಕರೆಗಳು, ಪ್ರತಿಬಂಧಕಗಳು ಮತ್ತು ಅಲರ್ಜಿಕಾರಕ ಪ್ರೋಟೀನ್‌ಗಳು ಬಹಳ ಕಡಿಮೆ. ಆದ್ದರಿಂದಲೇ ತಾಯಿಹಾಲು ಬಿಡಿಸಿದ ಕೂಡಲೇ ಕೊಡುವ ಮೊದಲ ಹಂತದ ಆಹಾರದಲ್ಲಿ ದುಬಾರಿ ಮೀನಿನ ಪುಡಿಯ ಸ್ಥಾನವನ್ನು ಇದು ಬಹುಮಟ್ಟಿಗೆ ತುಂಬಬಲ್ಲದು. ಭೇದಿ ತಡೆಯಲು ಔಷಧದ ಪ್ರಮಾಣದಲ್ಲಿ ಸತುವಿನ ಆಕ್ಸೈಡ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2022ರ ಜೂನ್‌ನಲ್ಲಿ ನಿಲ್ಲಿಸಿದ ಮೇಲೆ, ಅಲ್ಲಿನ ಸಾಕಣೆದಾರರಿಗೆ ಆಹಾರದ ಜೀರ್ಣಸಾಧ್ಯತೆಯೇ ಮುಖ್ಯ ರಕ್ಷಣೆಗಳಲ್ಲಿ ಒಂದಾಗಿದೆ. ಈ ಉತ್ಪನ್ನದ ಮಹತ್ವವೂ ಅಲ್ಲಿ ಅಷ್ಟರಮಟ್ಟಿಗೆ ಹೆಚ್ಚಿದೆ.

ಜೀರ್ಣಸಾಧ್ಯತೆಯ ಅಂಕಿಗಳನ್ನು ಓದುವಾಗ ಅವು ಸಣ್ಣ ಕರುಳಿನ ಕೊನೆಯಲ್ಲಿ ಅಳೆದವೇ ಎಂದು ಖಚಿತಪಡಿಸಿಕೊಳ್ಳಬೇಕು. ಸಗಣಿಯಿಂದ ಅಳೆದ ಅಂಕಿ ದಾರಿ ತಪ್ಪಿಸುತ್ತದೆ, ಏಕೆಂದರೆ ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಕರಗಿಸಿದ ಅಮೈನೊ ಆಮ್ಲಗಳಿಂದ (ಪ್ರೋಟೀನಿನ ಘಟಕಗಳಿಂದ) ಮರಿಯ ಮಾಂಸಖಂಡಕ್ಕೆ ಏನೂ ದಕ್ಕುವುದಿಲ್ಲ. ಯಾವುದೇ ಕಂಪನಿಯ ಸಂಸ್ಕರಿತ ಹಿಂಡಿಯನ್ನು ಕೊಳ್ಳುವಾಗ, ಮರಿಯ ಬೆಳವಣಿಗೆಗೆ ಅಗತ್ಯವಾದ ಲೈಸೀನ್ ಎಂಬ ಅಮೈನೊ ಆಮ್ಲದ ಪ್ರಮಾಣವನ್ನೂ ಕೇಳಿ ಪಡೆಯಬೇಕು. ಒಣಗಿಸುವಾಗ ಶಾಖ ಮಿತಿಮೀರಿದರೆ ಲೈಸೀನ್ ಸಕ್ಕರೆಯೊಂದಿಗೆ ಬೆಸೆದುಕೊಂಡು ಮರಿಗೆ ಉಪಯೋಗವಿಲ್ಲದಂತಾಗುತ್ತದೆ. ಒಳ್ಳೆಯ ಸೋಯಾ ಹಿಂಡಿಯ ಪ್ರೋಟೀನಿನಲ್ಲಿ ಲೈಸೀನ್ ಶೇ 6ಕ್ಕಿಂತ ಹೆಚ್ಚಿರುತ್ತದೆ. ಅದಕ್ಕಿಂತ ಸ್ಪಷ್ಟವಾಗಿ ಕೆಳಗಿಳಿದ ಸರಕಿನ ಬಗ್ಗೆ, ಚೀಲದ ಮೇಲೆ ಪ್ರೋಟೀನ್ ಎಷ್ಟೇ ಬರೆದಿರಲಿ, ಅನುಮಾನ ಪಡುವುದು ನ್ಯಾಯವೇ.

ತಾಯಿಹಾಲು ಬಿಡಿಸಿದ ಮೊದಲ ಎರಡು ಮೂರು ವಾರಗಳಿಗೆ ಈ ಪುಡಿಯನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಆದರೂ ಆ ಹಂತದಲ್ಲೇ ಸಾಮಾನ್ಯ ಹಿಂಡಿಯನ್ನು ಪೂರ್ತಿ ಕೈಬಿಡದೆ ಸ್ವಲ್ಪ ಬೆರೆಸಿದರೆ ಮರಿಯ ಕರುಳು ಅದಕ್ಕೆ ಹೊಂದಿಕೊಳ್ಳುತ್ತಾ ಬರುತ್ತದೆ. ಬೆಳೆದ ಹಂದಿ ಸಾಮಾನ್ಯ ಹಿಂಡಿಯನ್ನೇ ಚೆನ್ನಾಗಿ ಜೀರ್ಣಿಸಿಕೊಳ್ಳುವುದರಿಂದ, ಅದಕ್ಕೂ ಇದನ್ನೇ ಮುಂದುವರಿಸಿದರೆ ಹೆಚ್ಚುವರಿ ಹಣಕ್ಕೆ ತಕ್ಕ ಪ್ರತಿಫಲ ಸಿಗುವುದಿಲ್ಲ.