ಕಡಸು ಗಬ್ಬವೋ ಇಲ್ಲವೋ: ಮನೆಗೇ ಬಂದು ಮಾಡುವ ಸ್ಕ್ಯಾನಿಂಗ್ ಹೇಗಿದೆ?

ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಕ್ರಾಸ್ ಕಡಸಿಗೆ ಗಬ್ಬದ ಸ್ಕ್ಯಾನಿಂಗ್ ಮಾಡಿಸಿದೆವು. ಮನೆಗೇ ಬರುವ ಖಾಸಗಿ ಪಶುವೈದ್ಯರು, 500 ರೂಪಾಯಿ ತಗೊಂಡರು. ಕಡಸು ಸಾಕಿದವರು ಈ ದುಡ್ಡಿಗೆ ಹಿಂದೆಮುಂದೆ ನೋಡಬೇಡಿ.

ಕೆರೆ ಬಯಲಲ್ಲಿ ಮೇಯುವಾಗ ಊರಿನ ಹೋರಿಯೂ ಅಲ್ಲೇ ಇತ್ತು. ಆಮೇಲೆ ಕಡಸು ಬೆದೆಗೆ ಬಂದಿದ್ದನ್ನು ಯಾರೂ ನೋಡಲಿಲ್ಲ. 21 ದಿನಕ್ಕೊಮ್ಮೆ ಬರಬೇಕಾದ ಬೆದೆ ಬರಲಿಲ್ಲ ಅಂದ್ರೆ ಗಬ್ಬ ಅಂತ ಸುಮ್ನೆ ಲೆಕ್ಕ ಹಾಕುತ್ತೇವೆ, ಅಲ್ವಾ? ಆದರೆ ಮೇವು, ಖನಿಜ ಕಡಿಮೆಯಾದರೂ ಬೆದೆ ನಿಲ್ಲುತ್ತದೆ, ಮೂಕ ಬೆದೆಯಾದರೆ ಬಂದು ಹೋಗಿದ್ದೇ ಗೊತ್ತಾಗುವುದಿಲ್ಲ. ಕೆಚ್ಚಲು ನೋಡಿ ಹೇಳೋಣ ಅಂದ್ರೆ ಅದು ತುಂಬಿಕೊಳ್ಳುವ ಹೊತ್ತಿಗೆ ನಾಲ್ಕೈದು ತಿಂಗಳಾದರೂ ಕಳೆದಿರುತ್ತದೆ. ಅಷ್ಟರಲ್ಲಿ ಅಕ್ಕಪಕ್ಕದವರು "ಬೆದೆಗೆ ಬರೋ ಇಂಜೆಕ್ಷನ್ ಕೊಡಿಸಿಬಿಡಿ" ಅಂತ ಶುರು ಮಾಡಿದರು. ನನಗೆ ಭಯವಾಗಿದ್ದು ಅಲ್ಲೇ. ಬೆದೆ ತರಿಸಲು ಕೊಡುವ ಪ್ರೊಸ್ಟಾಗ್ಲಾಂಡಿನ್ ಇಂಜೆಕ್ಷನ್ ಗಬ್ಬದ ಕಡಸಿಗೆ ಬಿದ್ದರೆ ಕಂದು ಹಾಕಿಬಿಡುತ್ತದೆ, ಅಂದ್ರೆ ಗರ್ಭಪಾತವಾಗುತ್ತದೆ. ಪರೀಕ್ಷೆ ಮಾಡಿಸದೆ ಅದನ್ನು ಯಾರೂ ಕೊಡಿಸಬೇಡಿ, ದಯವಿಟ್ಟು.

ಡಾಕ್ಟರ್ ಕೆಲಸ ಅಚ್ಚುಕಟ್ಟು. ಭುಜದವರೆಗೆ ಗ್ಲೌಸ್ ಹಾಕಿ, ಮೊದಲು ಒಳಗಿನ ಸಗಣಿ ತೆಗೆದು, ಆಮೇಲೆ ಸ್ಕ್ಯಾನಿಂಗ್ ಯಂತ್ರದ ಹೆಬ್ಬೆಟ್ಟು ಗಾತ್ರದ ಪ್ರೋಬ್‌ಗೆ ಜೆಲ್ ಹಚ್ಚಿ ಒಳಗೆ ಹಿಡಿದರು. ಕಡಸು ಒಂದೆರಡು ಸಲ ಬಾಲ ಒದರಿತು, ಅಷ್ಟೇ. ಪರದೆಯನ್ನು ನಮ್ಮ ಕಡೆಗೂ ತಿರುಗಿಸಿದರು: ಕಪ್ಪಗೆ ನೀರಿನ ಚೀಲ, ಅದರೊಳಗೆ ಬೆಳ್ಳಗೆ ಒಂದು ಪುಟ್ಟ ಆಕಾರ, ಅದರ ನಡುವೆ ಪಟಪಟ ಮಿಡಿಯುವ ಚುಕ್ಕಿ. ಕರುವಿನ ಎದೆಬಡಿತ! ಅದರ ಅಳತೆ ನೋಡಿ, ಗಬ್ಬಕ್ಕೆ ಎರಡು ತಿಂಗಳಾಗಿದೆ ಅಂದರು. ಹೋರಿ ಹಾರಿದ ದಿನ ಗೊತ್ತಿಲ್ಲದ ನಮಗೆ ಇದೇ ದೊಡ್ಡ ಉಪಕಾರ, ಗಬ್ಬದ ಅವಧಿ 280 ದಿನದ ಆಸುಪಾಸು ಅಂತ ಹಿಡಿದರೆ ಕರು ಹಾಕುವ ತಿಂಗಳು ಸಿಕ್ಕಿತು.

ಕೈ ಹಾಕಿ ನೋಡುವ ಪರೀಕ್ಷೆಯೂ ಒಳ್ಳೆಯದೇ, ಖರ್ಚೂ ಕಡಿಮೆ. ಆದರೆ ಎರಡರಿಂದ ಮೂರು ತಿಂಗಳಾದ ಮೇಲೆ ಮಾಡಿಸಿದರೆ ಗಟ್ಟಿ ಉತ್ತರ ಸಿಗುತ್ತದೆ, ಕೈ ಪಳಗಿದವರೇ ಬೇಕು. ಸ್ಕ್ಯಾನಿಂಗ್‌ನಲ್ಲಿ ಒಂದು ತಿಂಗಳಿಗೇ ಗೊತ್ತಾಗುತ್ತದೆ. ಗಂಜಲಕ್ಕೆ ನೀರು ಬೆರೆಸಿ ಗೋಧಿ ಮೊಳಕೆ ನೋಡುವ ಪುಣ್ಯಕೋಟಿ ಪರೀಕ್ಷೆಯೂ ಇದೆ, ಗಬ್ಬದ ಹಸುವಿನ ಗಂಜಲದಲ್ಲಿ ಕಾಳು ಸರಿಯಾಗಿ ಮೊಳೆಯುವುದಿಲ್ಲ ಅನ್ನೋದು ಅದರ ಲೆಕ್ಕ. ಮಾಡಿ ನೋಡಲು ಅಡ್ಡಿಯಿಲ್ಲ. ಆದರೆ ಇಂಜೆಕ್ಷನ್ ಕೊಡಿಸುವಂಥ ತೀರ್ಮಾನವನ್ನು ನಾನು ಅದರ ಮೇಲೆ ಬಿಡುವುದಿಲ್ಲ.

ಬೇಸರ ಆಗಿದ್ದು ಎರಡು ವಿಷಯಕ್ಕೆ. ಬೆಳಿಗ್ಗೆ ಅಂದವರು ಬಂದಿದ್ದು ಮಧ್ಯಾಹ್ನ ದಾಟಿದ ಮೇಲೆ, ಒಂದು ಫೋನ್ ಕೂಡ ಇಲ್ಲ. ಚೀಟಿಯಲ್ಲಿ ಬರೆದುಕೊಡಿ ಅಂತ ನಾವೇ ಕೇಳಬೇಕಾಯಿತು. ಮುಂದೆ ಮಾರುವ ಯೋಚನೆ ಇದ್ದರೆ ತಾರೀಖು ಹಾಕಿಸಿದ ಚೀಟಿ ತಪ್ಪದೆ ಇಸ್ಕೊಳ್ಳಿ. ಒಂದು ತಿಂಗಳಿಗೇ ಸ್ಕ್ಯಾನ್ ಮಾಡಿಸುವವರು ಎರಡು, ಎರಡೂವರೆ ತಿಂಗಳಿಗೆ ಇನ್ನೊಮ್ಮೆ ನೋಡಿಸಿ, ಶುರುವಿನಲ್ಲಿ ಗಬ್ಬ ನಿಂತು ಕರಗಿಹೋಗುವುದು ಅಪರೂಪವೇನಲ್ಲ. ಮತ್ತೆ, ಡಾಕ್ಟರ್ ಬರುವಾಗ ಕಡಸನ್ನು ಹಿಡಿಯಲು ಅದಕ್ಕೆ ಪರಿಚಯ ಇರುವವರೇ ನಿಲ್ಲಲಿ.