ಬಯಾಲಜಿ ಡಿಗ್ರಿಗೆ ಕೌನ್ಸೆಲಿಂಗ್: ಮೇಡಂಗೆ ಐದು ಸ್ಟಾರ್, ಸೆಂಟರ್‌ಗೆ ಎರಡು

ಮಗಳು ಸೆಕೆಂಡ್ ಪಿಯು ಪಿಸಿಎಂಬಿ, ಡಾಕ್ಟರ್ ಆಗಲ್ಲ ಬಯಾಲಜಿನೇ ಓದ್ತೀನಿ ಅಂತ ಹಟ. ಮನೇಲಿ ಯಾರಿಗೂ ಈ ಕಡೆ ಗಂಧ ಗಾಳಿ ಇಲ್ಲ, ಅದಕ್ಕೆ ಮಲ್ಲೇಶ್ವರದ ಕಡೆ ಇರೋ ಒಂದು ಕರಿಯರ್ ಕೌನ್ಸೆಲಿಂಗ್ ಸೆಂಟರ್‌ಗೆ ಕರ್ಕೊಂಡು ಹೋಗಿದ್ವಿ. ಹೆಸರು ಬರೆಯಲ್ಲ, ಇಂಥವು ಈಗ ಏರಿಯಾಗೊಂದು ಇವೆ, ಎಲ್ಲಾ ಕಡೆ ಹೆಚ್ಚುಕಮ್ಮಿ ಇದೇ ಕಥೆ ಇರ್ಬೇಕು.

ಮೊದ್ಲು ಬೇಡದ್ದು ಹೇಳ್ಬಿಡ್ತೀನಿ. ಒಳಗೆ ಕಾಲಿಟ್ಟ ತಕ್ಷಣ ಫ್ರಂಟ್ ಆಫೀಸಿನ ಹುಡುಗ ಹತ್ತು ಬೆರಳಿನ ಸ್ಕ್ಯಾನ್ ಮಾಡಿಸಿ ಸರ್, ಮಗು ಬ್ರೈನಿಗೆ ಯಾವ ಕೋರ್ಸ್ ಸೂಟ್ ಆಗತ್ತೆ ಅಂತ ರಿಪೋರ್ಟ್ ಬರತ್ತೆ ಅಂದ. ಡಿಎಂಐಟಿ ಅಂತಾರಲ್ಲ, ಅದು. ಬೆರಳಿನ ಗೆರೆ ತಾಯಿ ಹೊಟ್ಟೇಲಿ ಐದು ತಿಂಗಳಾಗೋಷ್ಟರಲ್ಲೇ ಸೆಟ್ ಆಗಿರತ್ತೆ ಅಂಕಲ್, ಅದ್ರಲ್ಲಿ ಬಾಟನಿನೋ ಬಿಕಾಮೋ ಹೆಂಗೆ ಗೊತ್ತಾಗತ್ತೆ ಅಂತ ಮಗಳೇ ಕೇಳಿದ್ಲು, ಅವನು ಕಂಪ್ಯೂಟರ್ ಕಡೆ ತಿರುಗಿಬಿಟ್ಟ. ಈ ಟೆಸ್ಟಿಗೆ ವೈಜ್ಞಾನಿಕ ಆಧಾರ ಏನೂ ಇಲ್ಲ ಕಣ್ರೀ, ಯಾರೂ ದುಡ್ಡು ಕೊಡ್ಬೇಡಿ. ಆಮೇಲೆ ಹದಿನೆಂಟು ಸಾವಿರದ ಪ್ಯಾಕೇಜ್ ತಗೊಳ್ಳಿ ಅಂತ ಒತ್ತಾಯ ಬೇರೆ, ಅಪ್ಲಿಕೇಶನ್ ಫಾರಂ ತುಂಬೋದಕ್ಕೆಲ್ಲ ಇಷ್ಟ್ಯಾಕೆ ಸ್ವಾಮಿ.

ನಾವು ತಗೊಂಡಿದ್ದು ಬರೀ ಒಂದು ಸೆಷನ್, ಎರಡೂವರೆ ಸಾವಿರ. ಅದು ಮಾತ್ರ ವಸೂಲ್. ಕೂತಿದ್ದ ಮೇಡಂ ಹಿಂದೆ ಕಾಲೇಜಲ್ಲಿ ಪಾಠ ಮಾಡ್ದೋರಂತೆ. ಯಾವ ಕಾಲೇಜು ಅನ್ನೋದು ಆಮೇಲೆ, ಮೊದ್ಲು ಡಿಗ್ರಿ ಮುಗಿದ್ಮೇಲೆ ಏನು ಮಾಡ್ಬೇಕು ಅಂತಿದೀಯ ಹೇಳಮ್ಮ, ಅಲ್ಲಿಂದ ಹಿಂದಕ್ಕೆ ಬರೋಣ ಅಂತ ಒಂದು ಬಿಳಿ ಹಾಳೆ ತಗೊಂಡ್ರು. ರಿಸರ್ಚ್ ಅಂದ್ಲು. ಸರಿ, ಹಾಗಿದ್ರೆ ಐಐಟಿ ಥರದ ಕಡೆ ಎಂಎಸ್ಸಿಗೆ ಜಾಮ್ ಅನ್ನೋ ಎಂಟ್ರೆನ್ಸ್ ಬರೀಬೇಕು, ಅದ್ರ ಬಯೋಟೆಕ್ನಾಲಜಿ ಪೇಪರಲ್ಲಿ ಪಿಯು ಲೆವೆಲ್ಲಿನ ಮ್ಯಾತ್ಸ್, ಫಿಸಿಕ್ಸ್, ಕೆಮಿಸ್ಟ್ರಿನೂ ಕೇಳ್ತಾರೆ, ಸೋ ಪಿಯು ಮುಗೀತು ಅಂತ ಆ ಬುಕ್ಸ್ ರದ್ದಿಗೆ ಹಾಕ್ಬೇಡ ಅಂದ್ರು. ಜೆನೆಟಿಕ್ಸ್ ಅಂದ್ರೆ ಸ್ಟ್ಯಾಟಿಸ್ಟಿಕ್ಸ್ ಬೇಕೇ ಬೇಕು, ಬಯೋಕೆಮಿಸ್ಟ್ರಿ ಅರ್ಥ ಆಗ್ಬೇಕಾದ್ರೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಗಟ್ಟಿ ಇರ್ಬೇಕು, ಮಾಲಿಕ್ಯುಲರ್ ಬಯಾಲಜಿಗೆ ಮುಂಚೆ ಸೆಲ್ ಬಯಾಲಜಿ ನೆಟ್ಟಗೆ ಆಗಿರ್ಬೇಕು, ಜೊತೆಗೆ ಪೈಥಾನ್ ಇಲ್ಲಾ ಆರ್ (R), ಒಂದು ಪ್ರೋಗ್ರಾಮಿಂಗ್ ಭಾಷೆ ಕಲಿ, ಈಗ ಡಿಎನ್‌ಎ ಡೇಟಾ ಎಲ್ಲಾ ಕಂಪ್ಯೂಟರಲ್ಲೇ ನೋಡೋದು ಅಂತ ಸೆಮಿಸ್ಟರ್ ಸೆಮಿಸ್ಟರ್ ಬಾಣ ಹಾಕಿ ಬರ್ಕೊಟ್ರು. ಮ್ಯಾತ್ಸ್ ತಪ್ಪಿಸ್ಕೊಳ್ಳೋಕೆ ಬಯಾಲಜಿಗೆ ಬರ್ತಿದ್ರೆ ಬರ್ಬೇಡ ಅಂತ ಮುಖಕ್ಕೆ ಹೊಡ್ದಂಗೆ ಹೇಳಿದ್ರು. ನಂಗಂತೂ ಖುಷಿ ಆಯ್ತು, ಇವಳ ಮುಖ ಸಪ್ಪಗಾಯ್ತು.

ಮೂರು ವರ್ಷನಾ ನಾಲ್ಕು ವರ್ಷನಾ ಅನ್ನೋ ಗೊಂದಲ ನಮ್ಗೆ ಬಹಳ ಇತ್ತು. ರಾಜ್ಯದಲ್ಲಿ 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂತು, ಆದ್ರೆ ಪ್ರೈವೇಟ್ ಯೂನಿವರ್ಸಿಟಿಗಳಲ್ಲಿ ನಾಲ್ಕು ವರ್ಷದ್ದು ಇದೆ. ನಾಲ್ಕು ವರ್ಷ ಓದಿ 75 ಪರ್ಸೆಂಟ್ ತಗೊಂಡ್ರೆ ಯುಜಿಸಿ ರೂಲ್ ಪ್ರಕಾರ ನೇರ ಪಿಎಚ್‌ಡಿಗೆ ಅರ್ಜಿ ಹಾಕ್ಬೋದಂತೆ. ಮೂರು ವರ್ಷದ್ದಾದ್ರೆ ಎಂಎಸ್ಸಿ ಮಾಡ್ಲೇಬೇಕು ಅಂತ ಲೆಕ್ಕ ಇಟ್ಕೊಳ್ಳಿ, ಹೆಸ್ರಲ್ಲಿ ಬಯೋಟೆಕ್ ಇದ್ದ ಮಾತ್ರಕ್ಕೆ ಬಿಎಸ್ಸಿಗೇ ಒಳ್ಳೆ ಲ್ಯಾಬ್ ಕೆಲಸ ಸಿಗತ್ತೆ ಅನ್ಕೋಬೇಡಿ ಅಂದ್ರು. ಸಿಬಿಜಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಹಳೇದು ಅಂತ ಮೂಗು ಮುರಿಯೋರಿಗೂ ಅವರ ಉತ್ತರ ಚೆನ್ನಾಗಿತ್ತು: ಗಿಡ ಪ್ರಾಣಿ ಎರಡೂ ಪೂರ್ತಿ ಓದಿದೋರು ಮುಂದೆ ಯಾವ ಕಡೆ ಬೇಕಾದ್ರೂ ತಿರುಗ್ಬೋದು, ಮೊದಲ ವರ್ಷದಲ್ಲೇ ಕಿರಿದು ಮಾಡ್ಕೊಂಡೋರಿಗೆ ಅದು ಕಷ್ಟ.

ಐಐಎಸ್‌ಸಿ ನಾಲ್ಕು ವರ್ಷದ ಕೋರ್ಸಲ್ಲಿ ಬಯಾಲಜಿ ಮೇಜರ್ ತಗೊಳ್ಳೋರೂ ಶುರುವಲ್ಲಿ ಮ್ಯಾತ್ಸ್ ಫಿಸಿಕ್ಸ್ ಎಲ್ಲಾ ಓದ್ಲೇಬೇಕು. ಸೀಟ್ ಕಷ್ಟ, ಅದು ಎಲ್ರಿಗೂ ಗೊತ್ತು. ಐಸರ್ ಅಂತ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳು ಏಳು ಇವೆ, ಬೆಂಗಳೂರಲ್ಲಿಲ್ಲ, ಹತ್ರ ಅಂದ್ರೆ ತಿರುಪತಿ. ಅದ್ರ ಎಂಟ್ರೆನ್ಸಲ್ಲಿ ಬಯಾಲಜಿ, ಕೆಮಿಸ್ಟ್ರಿ, ಮ್ಯಾತ್ಸ್, ಫಿಸಿಕ್ಸ್ ತಲಾ 15 ಪ್ರಶ್ನೆ. ಮಣ್ಣು ಬೆಳೆ ಇಷ್ಟ ಇದ್ರೆ ಜಿಕೆವಿಕೆಲಿ (ಬೆಂಗಳೂರು ಕೃಷಿ ವಿವಿ ಕ್ಯಾಂಪಸ್) ಬಿಎಸ್ಸಿ ಅಗ್ರಿ, ಅದು ಸಿಇಟಿ ಮೇಲೆ.

ನಮ್ಮೆಜಮಾನ್ತಿ ಕೇಳಿದ್ದು ಇನ್ನೊಂದು: ಸಾಮಾನ್ಯ ಕಾಲೇಜಿಗೆ ಸೇರ್ಸಿದ್ರೆ ಮಗು ಹಾಳಾಗತ್ತಾ ಮೇಡಂ? ಅದಕ್ಕೆ ಅವ್ರು ಕೊಟ್ಟ ಉತ್ತರಕ್ಕೇ ನಾನು ಐದು ಸ್ಟಾರ್ ಕೊಡ್ತಿರೋದು. ಈ ಊರಲ್ಲಿ ಓದೋರಿಗೆ ಕಾಲೇಜಿನ ಗೇಟಿಂದಾಚೆನೇ ಅರ್ಧ ಪಾಠ ಇದೆ ಅಂದ್ರು. ಬಯಾಲಜಿ ರಿಸರ್ಚ್ ಮಾಡೋ ಎನ್‌ಸಿಬಿಎಸ್ ಸಂಸ್ಥೆ ಇರೋದು ಜಿಕೆವಿಕೆ ಕ್ಯಾಂಪಸ್ಸಲ್ಲೇ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಸಮ್ಮರ್ ರಿಸರ್ಚ್ ಫೆಲೋಶಿಪ್ ಕೊಡ್ತಾರೆ, ಎರಡು ತಿಂಗಳು ಸೈಂಟಿಸ್ಟ್ ಜೊತೆ ಲ್ಯಾಬಲ್ಲಿ ಕೆಲಸ, ಅರ್ಜಿ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ಕರೀತಾರೆ, ಬೇಸಿಗೆ ಬಂದ್ಮೇಲೆ ಹುಡುಕಿದ್ರೆ ಏನೂ ಸಿಗಲ್ಲ. ಕಾಲೇಜ್ ನೋಡೋಕೆ ಹೋದಾಗ ಆಡಿಟೋರಿಯಂ ತೋರಿಸ್ತಾರೆ, ನೀವು ಪ್ರಾಕ್ಟಿಕಲ್ ನಡೀತಿರೋ ಟೈಮಲ್ಲಿ ಹೋಗಿ ಒಂದು ಮೈಕ್ರೋಸ್ಕೋಪಿಗೆ ಎಷ್ಟು ಜನ ನಿಂತಿದಾರೆ ನೋಡಿ ಅಂತಾನೂ ಹೇಳಿದ್ರು.

ಹೋಗೋರು ಫೋನಲ್ಲೇ ಕೇಳ್ಕೊಳ್ಳಿ, ಬಯಾಲಜಿ ಓದಿರೋರೇ ಕೂರ್ತಾರಾ ಅಂತ. ನಮ್ಮ ಪಕ್ಕದ ರೂಮಲ್ಲಿದ್ದೋರಿಗೆ ಇಂಜಿನಿಯರಿಂಗ್ ಬಿಟ್ಟು ಬೇರೇನೂ ಗೊತ್ತಿರ್ಲಿಲ್ಲ, ಗೋಡೆ ತೆಳು, ಎಲ್ಲಾ ಕೇಳಿಸ್ತಿತ್ತು. ಕಾರ್ ಪಾರ್ಕಿಂಗ್ ಇಲ್ಲ, ಮೆಟ್ರೋ ವಾಸಿ. ಫೀಸ್ ಕಟ್ಟಿದ್ಮೇಲೆ ರಸೀದಿ ಕೇಳಿ ಇಸ್ಕೊಳ್ಳಿ, ತಾವಾಗೇ ಕೊಡಲ್ಲ.