ಟರ್ಬೈನ್ ಶ್ರೌಡಿಗೆ ಲೋಹವೋ ಸಿರಾಮಿಕ್ಕೋ: ಮೂರು ಜೋಡಿ ತುಂಡು, ಒಂದೇ ಜ್ವಾಲೆ

ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡುಗಳ ತುದಿಯ ಸುತ್ತ ಬಳೆಯಂತೆ ಕೂರುವ ಭಾಗವೇ ಶ್ರೌಡ್. ಅದು ಇಡಿಯಾದ ಬಳೆಯಲ್ಲ, ಅಂಗೈಯಗಲದ ತುಂಡುಗಳನ್ನು ಒಂದರ ಪಕ್ಕ ಒಂದು ಜೋಡಿಸಿದ್ದು. ಎದುರಿಗೆ 1,500 ಡಿಗ್ರಿ ಸೆಲ್ಸಿಯಸ್ ದಾಟಿದ ಅನಿಲ. ನಿಕ್ಕಲ್ ಮಿಶ್ರಲೋಹವೋ 1,300ರ ಆಸುಪಾಸಿನಲ್ಲೇ ಕರಗತೊಡಗುತ್ತದೆ. ಮೈಮೇಲೆ ಜಿರ್ಕೋನಿಯಾ ಲೇಪ ಬಳಿದು, ಬೆನ್ನಿಗೆ ಕಂಪ್ರೆಸರಿನ ಗಾಳಿ ಊದುವುದರಿಂದ ಅದು ಉಳಿದುಕೊಳ್ಳುತ್ತದೆ. ದೊಡ್ಡ ಎಂಜಿನ್ನುಗಳಲ್ಲಿ ಕಂಪ್ರೆಸರ್ ಕಷ್ಟಪಟ್ಟು ಒತ್ತಿದ ಗಾಳಿಯ ಸುಮಾರು ಐದನೇ ಒಂದು ಪಾಲು ಹೀಗೆ ತಂಪು ಮಾಡುವುದಕ್ಕೆ, ಸೋರಿಕೆ ತಡೆಯುವುದಕ್ಕೆ ಖರ್ಚಾಗುತ್ತದೆ. ಇಷ್ಟು ದೊಡ್ಡ ಖರ್ಚು ನನ್ನನ್ನು ವರ್ಷಗಟ್ಟಲೆ ಕಾಡಿದೆ.

ಸಿರಾಮಿಕ್ ಕಾಂಪೋಸಿಟ್ ಬಂದದ್ದೇ ಆ ಗಾಳಿ ಉಳಿಸಲು. ಬರೀ ಸಿರಾಮಿಕ್ ಮಡಕೆಯ ಹಾಗೆ ಒಡೆದುಹೋಗುತ್ತದೆ. ಮಣ್ಣಿನ ಗೋಡೆಗೆ ಹುಲ್ಲು ಕಲಸಿದಂತೆ ಒಳಗೆ ಸಿರಾಮಿಕ್ಕಿನದೇ ಎಳೆಗಳನ್ನು ಹಾಸಿದರೆ, ಬಿರುಕು ಎಳೆಯ ಹತ್ತಿರ ಬಂದು ಪಕ್ಕಕ್ಕೆ ತಿರುಗಿ ಸೋಲುತ್ತದೆ. 2016ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಲೀಪ್ ಎಂಜಿನ್ನಿನ ಮೊದಲ ಹಂತದ ಶ್ರೌಡ್ ಸಿಲಿಕಾನ್ ಕಾರ್ಬೈಡ್ ಕಾಂಪೋಸಿಟ್ಟಿನದು. 737 ಮ್ಯಾಕ್ಸ್ ವಿಮಾನಗಳಿಗೆಲ್ಲ ಇದೇ ಎಂಜಿನ್. ಹಾಗಾಗಿ ಇದು ಪ್ರಯೋಗಾಲಯದ ಕನಸಲ್ಲ, ದಿನವೂ ಹಾರುತ್ತಿರುವ ವಸ್ತು.

ಬೆಂಗಳೂರಿನ ಒಂದು ಪ್ರಯೋಗಾಲಯದ ಬರ್ನರ್ ರಿಗ್ಗಿನಲ್ಲಿ, ಅಂದರೆ ತುಂಡಿನ ಮೇಲೆ ಜ್ವಾಲೆ ಹಾಯಿಸಿ ಪರೀಕ್ಷಿಸುವ ಸಾಧನದಲ್ಲಿ, ನಾನು ಮೂರು ಬಗೆಯನ್ನು ಹೋಲಿಸಿದೆ: ಜಿರ್ಕೋನಿಯಾ ಬಳಿದ ನಿಕ್ಕಲ್ ಮಿಶ್ರಲೋಹ, ಅಲ್ಯುಮಿನಾ ಎಳೆಗಳ ಆಕ್ಸೈಡ್ ಕಾಂಪೋಸಿಟ್, ಸಿಲಿಕಾನ್ ಕಾರ್ಬೈಡ್ ಕಾಂಪೋಸಿಟ್. ಪ್ರತಿಯೊಂದರಲ್ಲೂ 50 ಮಿಲಿಮೀಟರ್ ಅಗಲದ ಎರಡು ತುಂಡು, ನಡುವೆ ಸಣ್ಣ ಸಂದು, ಸಂದಿಗೆ ತೆಳು ಲೋಹದ ಸೀಲ್ ಪಟ್ಟಿ, ಅದು ಕೂರಲು ತುಂಡುಗಳ ಅಂಚಿನಲ್ಲಿ ಕೊರೆದ ಸೀಳು, ಅಂದರೆ ಸ್ಲಾಟ್. ಎಲ್ಲಕ್ಕೂ ಒಂದೇ ಜ್ವಾಲೆ, ಬೆನ್ನಿಗೆ ಒಂದೇ ಒತ್ತಡ. ಪ್ರತಿ ವಸ್ತುವನ್ನೂ ಅದರ ತಾಳಿಕೆಯ ಮಿತಿಯೊಳಗೆ ಇಡಲು ಎಷ್ಟು ಗಾಳಿ ಬೇಕು, ಸಂದಿನಲ್ಲಿ ಎಷ್ಟು ಸೋರುತ್ತದೆ ಎಂದು ಅಳೆದೆ.

ಲೋಹದ್ದು ನಿರೀಕ್ಷೆಯಂತೆಯೇ ನಡೆಯಿತು. ಗಾಳಿ ಬಹಳ ಕುಡಿಯುತ್ತದೆ, ಬಿಸಿಯಾಗಿ ತಣಿಯುವ ಸುತ್ತುಗಳು ಏರಿದಂತೆ ಅಂಚಿನಲ್ಲಿ ಲೇಪ ಚಕ್ಕೆ ಏಳುತ್ತದೆ. ಆದರೆ ಕೊರೆಯುವುದು ಸುಲಭ, ಸೀಲ್ ಪಟ್ಟಿ ಸ್ಲಾಟಿನಲ್ಲಿ ನುಣ್ಣಗೆ ಕೂರುತ್ತದೆ, ಸೋರಿಕೆ ಬಹಳ ಕಡಿಮೆ. ಈ ಕೊನೆಯ ಮಾತಿನ ಬೆಲೆ ನನಗೆ ಆಗ ಗೊತ್ತಾಗಿರಲಿಲ್ಲ.

ಆಕ್ಸೈಡ್ ತುಂಡಿನ ಬಗ್ಗೆ ಹೇಳುವುದು ಸ್ವಲ್ಪವೇ. ಅದು ಆಗಲೇ ಆಕ್ಸೈಡ್ ಆದ್ದರಿಂದ ಗಾಳಿಯಲ್ಲಿ ಸುಟ್ಟು ಹಾಳಾಗುವ ಭಯವಿಲ್ಲ. ಅಮೆರಿಕದ ಸೋಲಾರ್ ಟರ್ಬೈನ್ಸ್ ಕಂಪನಿ ಇಂಥ ದಹನಕೋಶದ ಒಳಗೋಡೆಯೊಂದನ್ನು 25,000 ಗಂಟೆಗೂ ಮೇಲೆ ಓಡಿಸಿದೆ. ಆದರೆ ಎಳೆಗಳು 1,200 ಡಿಗ್ರಿಯ ಹತ್ತಿರ ಸೋಲತೊಡಗುತ್ತವೆ. ಶಾಖವೂ ಅದರಲ್ಲಿ ಬೇಗ ಹರಿಯುವುದಿಲ್ಲ. ಜ್ವಾಲೆ ತಾಗಿದಲ್ಲಿ ಕೆಂಡವಾಗಿ, ಸ್ವಲ್ಪ ಆಚೆ ತಣ್ಣಗೇ ಇರುತ್ತದೆ. ಶ್ರೌಡಿಗೆ ನಾನು ಇದನ್ನು ಆರಿಸುವುದಿಲ್ಲ. ನಿಷ್ಕಾಸದ ಕಡೆಗೆ, ದಹನಕೋಶಕ್ಕೆ ಚೆನ್ನ.

ಸಿಲಿಕಾನ್ ಕಾರ್ಬೈಡ್ ತುಂಡನ್ನು ಕೈಗೆತ್ತಿಕೊಂಡಾಗ ಮೊದಲು ತಿಳಿಯುವುದು ಹಗುರ. ಅದೇ ಗಾತ್ರದ ಲೋಹದ ಮೂರನೇ ಒಂದು ಭಾಗದಷ್ಟು ತೂಕ. ಮೇಲ್ಮೈ 1,200 ಡಿಗ್ರಿ ಮುಟ್ಟಿದರೂ ಅಲುಗಲಿಲ್ಲ. ಲೋಹಕ್ಕೆ ಬೇಕಾಗಿದ್ದ ಗಾಳಿಯ ಅರ್ಧವೂ ಬೇಕಾಗಲಿಲ್ಲ. ಆ ಸಂಜೆ ಹರಿವಿನ ಮೀಟರ್ ನೋಡಿ ನನಗಾದ ಸಂತೋಷ ಇನ್ನೂ ನೆನಪಿದೆ.

ಮರುದಿನ ಸಂದಿನ ಸೋರಿಕೆಯನ್ನು ಅದಕ್ಕೆ ಸೇರಿಸಿ ಲೆಕ್ಕ ಹಾಕಿದಾಗ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಉಳಿಸಿದ ಗಾಳಿಯ ಬಹುಪಾಲು ಎರಡು ತುಂಡುಗಳ ನಡುವೆಯೇ ಸೋರಿಹೋಗುತ್ತಿತ್ತು.

ಯಾಕೆಂದು ಕಾಗದದ ಮೇಲೆ ಲೆಕ್ಕ ಮಾಡಿದರೆ ಸ್ಪಷ್ಟ. 50 ಮಿಲಿಮೀಟರ್ ಲೋಹದ ತುಂಡು 1,000 ಡಿಗ್ರಿ ಬಿಸಿಯಾದರೆ ಸುಮಾರು 0.75 ಮಿಲಿಮೀಟರ್ ಹಿಗ್ಗುತ್ತದೆ. ಅದನ್ನು ಹಿಡಿದಿರುವ ಲೋಹದ ಹ್ಯಾಂಗರ್ ತಣ್ಣಗೆ, 600 ಡಿಗ್ರಿಯಲ್ಲಿರುತ್ತದೆ. ಅಷ್ಟೇ ಉದ್ದಕ್ಕೆ ಅದು ಹಿಗ್ಗುವುದು 0.45. ತುಂಡು ಹ್ಯಾಂಗರಿಗಿಂತ ಹೆಚ್ಚು ಬೆಳೆದು ಸಂದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಸಿಲಿಕಾನ್ ಕಾರ್ಬೈಡ್ 1,200 ಡಿಗ್ರಿಯಲ್ಲೂ ಹಿಗ್ಗುವುದು 0.27 ಮಾತ್ರ. ಹ್ಯಾಂಗರ್ ಅದನ್ನು ಮೀರಿ ಬೆಳೆದು ತುಂಡುಗಳನ್ನು ದೂರ ಸರಿಸುತ್ತದೆ. ಬಿಸಿಯಾದಷ್ಟೂ ಸಂದು ತೆರೆಯುತ್ತದೆ. ಲೋಹದ ಶ್ರೌಡಿನ ಅನುಭವವನ್ನೇ ನಂಬಿ ಸಂದು ಬಿಟ್ಟದ್ದು ನನ್ನ ತಪ್ಪು.

ಸ್ಲಾಟಿನದು ಇನ್ನೊಂದು ಕಷ್ಟ. ವಜ್ರದ ಚಕ್ರದಲ್ಲಿ ಮೊದಲ ಸ್ಲಾಟ್ ಕೊರೆಯುವಾಗಲೇ ವರ್ಕ್‌ಶಾಪಿನ ಹಿರಿಯರು ಎಚ್ಚರಿಸಿದ್ದರು: "ಮೇಡಂ, ಇದು ಲೋಹ ಅಲ್ಲ, ಪದರ ಪದರ ಇದೆ. ಇಷ್ಟು ಸಣ್ಣ ತುಟಿ ಬಿಟ್ರೆ ಎದ್ದುಬಿಡುತ್ತೆ." ಸ್ಲಾಟಿನ ಪಕ್ಕ ಉಳಿದ ಆ ತೆಳು ಅಂಚು, ಅಂದರೆ ತುಟಿ, ಪದರ ಬಿಟ್ಟು ಎದ್ದೇಬಿಟ್ಟಿತು. ಎರಡನೆಯ ಜೋಡಿಯಲ್ಲಿ ತುಟಿ ದಪ್ಪ ಬಿಟ್ಟೆವು. ಆದರೂ ಸ್ಲಾಟಿನ ತಳ ಲೋಹದಷ್ಟು ನುಣುಪಾಗದೆ ಪಟ್ಟಿಯ ಅಡಿಯಿಂದ ಗಾಳಿ ನುಸುಳುತ್ತಲೇ ಇತ್ತು. ಇನ್ನೂ ಕೆಟ್ಟದ್ದೆಂದರೆ ತುಂಡಿನಲ್ಲಿ ಉಳಿದ ಬಿಡಿ ಸಿಲಿಕಾನ್ ನಿಕ್ಕಲ್ ಪಟ್ಟಿಯೊಡನೆ ಬಿಸಿಯಲ್ಲಿ ಬೆರೆಯುತ್ತದೆ. ಇವೆರಡರ ಮಿಶ್ರಣ ಸಾವಿರ ಡಿಗ್ರಿಗೂ ಕೆಳಗೇ ಕರಗಬಲ್ಲದು. ಬಿಚ್ಚಿ ನೋಡಿದಾಗ ಪಟ್ಟಿ ಒಂದು ಕಡೆ ಕಚ್ಚಿಕೊಂಡಿತ್ತು, ಎಳೆದರೆ ಸಿರಾಮಿಕ್ಕಿನ ಚೂರೂ ಜೊತೆಗೆ ಬಂತು.

ಪಟ್ಟಿಯ ಬದಲು ಸಿರಾಮಿಕ್ ಎಳೆಯ ಹೆಣೆದ ಹಗ್ಗ ಇಟ್ಟು ನೋಡಿದೆ. ಬಿಸಿ ತಡೆಯುತ್ತದೆ, ಬೆರೆಯುವುದಿಲ್ಲ, ಒರಟು ತಳಕ್ಕೂ ಹೊಂದಿಕೊಳ್ಳುತ್ತದೆ. ಆದರೆ ತುಂಡುಗಳು ಉಜ್ಜಾಡಿದಂತೆ ಎಳೆ ಬಿಚ್ಚಿ ಉದುರಿತು. ಒಂದು ಕಡೆ ಅಲುಗದೆ ಕೂರುವ ಜಾಗಕ್ಕಾದರೆ ಸರಿ.

ಕೊನೆಗೆ ಫಲ ಕೊಟ್ಟದ್ದು ಸೀಲನ್ನು ಸಿರಾಮಿಕ್ಕಿನ ಹೊಟ್ಟೆಯಿಂದ ತೆಗೆದು ಬೆನ್ನಿಗೆ ತಂದದ್ದು. ಸ್ಲಾಟೇ ಇಲ್ಲ. ತುಂಡುಗಳ ತಂಪು ಬೆನ್ನನ್ನು ಚಪ್ಪಟೆಯಾಗಿ ಉಜ್ಜಿ, ಸಂದಿನ ಮೇಲೆ ಅಲ್ಯುಮಿನಾ ಬಳಿದ ಅಗಲ ಪಟ್ಟಿ ಹಾಸಿದೆ. ಗಾಳಿಯ ಒತ್ತಡವೇ ಪಟ್ಟಿಯನ್ನು ಅದುಮಿ ಹಿಡಿಯುತ್ತದೆ, ಸಂದು ತೆರೆದರೂ ಪಟ್ಟಿ ಜಾರಿಕೊಂಡು ಮುಚ್ಚಿಯೇ ಇರುತ್ತದೆ. ಹೀಗೆ ಮಾಡಿದ ಮೇಲೆ ಒಟ್ಟು ಗಾಳಿಯ ಲೆಕ್ಕದಲ್ಲಿ ಸಿಲಿಕಾನ್ ಕಾರ್ಬೈಡ್ ನಿಜವಾಗಿ ಗೆದ್ದಿತು.

ಮಿತಿಯನ್ನೂ ಹೇಳಬೇಕು. ಸಿಲಿಕಾನ್ ಕಾರ್ಬೈಡಿನ ಮೇಲೆ ಕಟ್ಟುವ ಸಿಲಿಕಾ ಪೊರೆ ದಹನದ ಹಬೆಯಲ್ಲಿ ಅನಿಲವಾಗಿ ಹಾರಿಹೋಗುತ್ತದೆ, ಗೋಡೆ ತೆಳ್ಳಗಾಗುತ್ತ ಬರುತ್ತದೆ. ಸೋಲಾರ್ ಟರ್ಬೈನ್ಸಿನದೇ ಲೇಪವಿಲ್ಲದ ಸಿಲಿಕಾನ್ ಕಾರ್ಬೈಡ್ ಒಳಗೋಡೆ ಸುಮಾರು 5,000 ಗಂಟೆಯಲ್ಲೇ ಸವೆದಿತ್ತು. ಲೇಪ ಹಾಕಿದ ಮೇಲೆ 13,000 ದಾಟಿತು. ನನ್ನ ತುಂಡುಗಳಿಗೂ ಯಟರ್ಬಿಯಂ ಸಿಲಿಕೇಟ್ ಲೇಪವಿತ್ತು. ಆದರೆ ನನ್ನ ರಿಗ್ ಸಾಧಾರಣ ವಾತಾವರಣದ ಒತ್ತಡದ್ದು, ಎಂಜಿನ್ನಿನ ಒತ್ತಡದಲ್ಲಿ ಹಬೆಯ ಕಾಟ ಎಷ್ಟೋ ಪಟ್ಟು ಹೆಚ್ಚು. ಕೊರೆದ ಅಂಚುಗಳಲ್ಲಿ ಎಳೆಯ ಸುತ್ತಲಿನ ಬೋರಾನ್ ನೈಟ್ರೈಡ್ ಪೊರೆ ಬಯಲಾಗಿರುತ್ತದೆ, ಹಬೆ ಮೊದಲು ನುಗ್ಗುವುದು ಅಲ್ಲಿಗೆ.

ಆದರೂ ದೊಡ್ಡ ವಿಮಾನದ ಎಂಜಿನ್ನಿಗೆ ನಾನು ಕೇಳುವುದು ಬೆನ್ನಿನ ಸೀಲಿನ ಸಿಲಿಕಾನ್ ಕಾರ್ಬೈಡನ್ನೇ. ಕಡಿಮೆ ಬಿಸಿಯ, ಮತ್ತೆ ಮತ್ತೆ ಬಿಚ್ಚಿ ರಿಪೇರಿ ಮಾಡುವ ಸಣ್ಣ ಟರ್ಬೈನಿಗೆ ಲೋಹವೇ ಇರಲಿ. ಈಗ ರಿಗ್ಗಿನಲ್ಲಿ ಕೂತಿರುವುದು ಸಿಲಿಕಾನ್ ಕಾರ್ಬೈಡಿನ ಮೂರನೆಯ ಜೋಡಿ, ಅಂಚುಗಳಿಗೂ ಲೇಪ ಸುತ್ತಿದ್ದು. ಈ ಸಲ ಜ್ವಾಲೆಗೆ ನೀರಿನ ಹಬೆಯನ್ನೂ ಸೇರಿಸುತ್ತಿದ್ದೇವೆ.